ಹನ್ನೊಂದನೇ ದಿನ ನೀರು ಹೊತ್ತ ಬಾಣಂತಿ

ಬಿಡೇ ರಂಜು, ಆ ಬಟ್ಟೆ ಅಲ್ಲೇ ಬಿಡು, ನಿಮ್ಮಮ್ಮ ಒಗೀತಾಳೆ. ಹೆತ್ತು ವಾರವೂ ಆಗಿಲ್ಲ, ನಾನು ಗಟ್ಟಿ ಇದೀನಿ ಅಜ್ಜಿ ಅಂತೀಯಲ್ಲ, ಅದನ್ನ ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಕೂತ್ಕೊ, ಅಲ್ಲ, ಮಲ್ಕೊ, ಮಲ್ಕೊಂಡೇ ಕೇಳು. ನಿಮ್ಮಮ್ಮನ್ನ ಹೆತ್ತಾಗ ನಂಗೆ ತಾಯಿ ಇರ್ಲಿಲ್ಲ. ಶೆಟ್ಟಿಕೊಪ್ಪದಲ್ಲಿ ತವರು ಅಂತ ಇದ್ದದ್ದು ಅಪ್ಪ ಒಬ್ರೇ, ಗಂಡಸು ಎಂತ ಬಾಣಂತನ ಮಾಡ್ತಾರೆ? ಹಂಗಾಗಿ ಕೊಪ್ಪದಲ್ಲಿ ಅತ್ತೆ ಮನೇಲೇ ಆಯ್ತು. ಎಲ್ರೂ ನೀನು ಪುಣ್ಯವಂತೆ ಅಂದ್ರು. ಯಾಕೆ ಗೊತ್ತಾ, ನಮ್ಮತ್ತೆ ಬಾಣಂತಿಯರಿಗೆ ನೀರು ಹಾಕೋದ್ರಲ್ಲಿ ಹೆಸರುವಾಸಿ. ಎಣ್ಣೆ ತಿಕ್ಕಿ, ಸೊಂಟಕ್ಕೆ ಸುಡುಸುಡು ನೀರು ಹೊಯ್ದು, ಹೊಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ್ರೆ ಬಾಣಂತಿ ಸಂಜೆತನಕ ಏಳ್ತಿರ್ಲಿಲ್ಲವಂತೆ. ಅಂತೆ, ನಾನೆಲ್ಲಿ ಕಂಡೆ. ಬೆಳಿಗ್ಗೆ ಎದ್ದು ಕರೆದ ಮನೆಗೆ ಹೋಗೋರು, ಮೂರು ಮನೆ, ಅಲ್ಲ, ಆ ತಿಂಗಳು ನಾಲ್ಕು. ಬರೋವಾಗ ಮಧ್ಯಾಹ್ನ, ಕೈ ಸೋತಿರೋದು. ಒಂದಿನ ಬಾಯಿಬಿಟ್ಟು ಕೇಳ್ದೆ, ಅತ್ತೆ, ನಂಗೂ ಹಾಕ್ತೀರಾ ಅಂತ. "ಕರೆದ ಮನೆ ಬಿಟ್ಟು ನಿಂಗೆ ಹಾಕ್ತಾ ಕೂತ್ರೆ ನಾಳೆ ಅವರು ಕರೀತಾರಾ? ನೀನು ಮನೆಯವಳು ಮಾರಾಯ್ತಿ, ನೀನೇ ಹೊಯ್ಕೊ" ಅಂದ್ರು. ನಿಮ್ಮಜ್ಜ ಅಲ್ಲೇ ಊಟ ಮಾಡ್ತಿದ್ರು, ಇನ್ನೊಂದು ಸೌಟು ಸಾರು ಹಾಕು ಅಂದ್ರು.

ಹತ್ತು ದಿನ ಮೈಲಿಗೆ ನೋಡು, ಬಾವಿ ಮುಟ್ಟೋ ಹಾಗಿಲ್ಲ, ಅಜ್ಜನೇ ನೀರು ತುಂಬಿಟ್ಟು ಹೋಗೋರು. ಅದೊಂದೇ ನಂಗೆ ಸಿಕ್ಕ ರಜೆ. ಹನ್ನೊಂದಕ್ಕೆ ಶುದ್ಧ ಆಯ್ತು, ಕೊಡ ನನ್ನ ಕೈಗೆ ಬಂತು. ಮೂರನೇ ಕೊಡ ಎತ್ತೋವಾಗ ಕೆಳಗೆ ಏನೋ ಜಾರಿದ ಹಾಗಾಯ್ತು. ಗರ್ಭಕೋಶ ಕಣೇ. ಯಾರಿಗೂ ಹೇಳ್ಲಿಲ್ಲ, ನಾಚಿಕೆ. ಬಟ್ಟೆ ಒತ್ತಿ ಕಟ್ಕೊಂಡು ವರ್ಷಗಟ್ಟಲೆ ಓಡಾಡ್ದೆ, ನಿಮ್ಮಮ್ಮನ ಮೇಲೆ ಇನ್ನೊಂದು ಮಗು ನಿಲ್ಲಲೇ ಇಲ್ಲ. ನಮ್ಮತ್ತೆ ಮಾತ್ರ ಹೋದ ಮನೇಲೆಲ್ಲ, ನನ್ನ ಸೊಸೆ ಹನ್ನೊಂದನೇ ದಿನಕ್ಕೆ ನೀರು ಹೊತ್ಲು, ಅಂಥಾ ಗಟ್ಟಿ ಹೆಂಗಸು ಅಂತ ಹೇಳ್ಕೊಂಡು ಬಂದ್ರು. ನಂಗೂ ಆಗ, ಸುಳ್ಳು ಯಾಕೆ ಹೇಳ್ಲಿ, ಸ್ವಲ್ಪ ಹೆಮ್ಮೆನೇ ಆಯ್ತು.

ಆಮೇಲೆ ಎಷ್ಟೋ ವರ್ಷಕ್ಕೆ ನಂಗೆ ಗರ್ಭಕೋಶದ ಆಪರೇಷನ್ ಆಯ್ತಲ್ಲ, ಆಸ್ಪತ್ರೇಲಿ ಪಕ್ಕದ ಮಂಚದಲ್ಲಿ ಒಬ್ಳು, ಕೊಪ್ಪದವಳೇ, ಅವಳಿಗೂ ಅದೇ ಆಪರೇಷನ್. ಮಾತಾಡ್ತಾ ನಾನು ಯಾರ ಸೊಸೆ ಅಂತ ಹೇಳ್ದೆ. ಅವಳು ಮಂಚದಲ್ಲೇ ನನ್ನ ಕಡೆ ತಿರುಗಿದ್ಲು. "ಹನ್ನೊಂದನೇ ದಿನ ನೀರು ಹೊತ್ತೋರು ನೀವೇನಾ? ನಿಮ್ಮ ಕತೆ ಹೇಳಿಯೇ ನಮ್ಮತ್ತೆ ಬಾಣಂತಿ ನನ್ನನ್ನೂ ಎಬ್ಬಿಸಿ ಕೊಡ ಹೊರಿಸಿದ್ದು" ಅಂದ್ಲು. ಅತ್ತೆ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ ನಂಗೆ, ಹೋಗೋದೂ ಬೇಡ. ಆದ್ರೆ ಅವಳ ವಿಷಯದಲ್ಲಿ ಬೈಬೇಕಾದ್ದು ನನ್ನನ್ನೇ. ನಂಗೆ ಹಿಂಗಾಯ್ತು ಅಂತ ಆಗಲೇ ಒಂದು ಮಾತು ಹೇಳಿದ್ರೆ ಅವಳಾದ್ರೂ ಪಾರಾಗ್ತಿದ್ಲು. ಅದಕ್ಕೇ ಹೇಳೋದು, ನೋವಾದ್ರೆ ನೋವು ಅನ್ನು, ನಾಲ್ಕು ಜನ ಕೇಳೋ ಹಾಗೆ ಅನ್ನು.