ಪಕ್ಕದವರಿಗೆ ಅರ್ಧ ಬೆಂಚು

ಪೂಜ್ಯ ಫಾದರ್ ಅವರೇ, ಪ್ರಾಂಶುಪಾಲರಾದ ಸಿಸ್ಟರ್ ಬೆನಿಲ್ಡಾ ಅವರೇ, ಇಂದು ಮೊದಲ ಬಾರಿಗೆ ನೀಲಿ ಲಂಗ ತೊಟ್ಟು ಬಂದಿರುವ ಹೊಸ ವಿದ್ಯಾರ್ಥಿನಿಯರೇ, ಅವರ ತಾಯಿತಂದೆಯರೇ, ಸಭಿಕರೇ,

ಸಂತ ಅಪೊಲೋನಿಯಾ ಶಾಲೆ ನಿಮ್ಮ ಹೆಣ್ಣುಮಕ್ಕಳಿಂದ ಏನನ್ನು ನಿರೀಕ್ಷಿಸುತ್ತದೆ ಎಂದು ಹೇಳುವ ಕೆಲಸವನ್ನು ನನಗೆ ವಹಿಸಿದ್ದಾರೆ. ನಾನು, ಸೊಲೆದಾದ್ ಟೀಚರ್, ಇಂದೇ ನಿವೃತ್ತಳಾಗುತ್ತಿರುವುದರಿಂದ ಇದು ನನ್ನ ಬೀಳ್ಕೊಡುಗೆಯ ಮಾತೂ ಹೌದು. ಒಂದೇ ಹೂಮಾಲೆಯಲ್ಲಿ ಸ್ವಾಗತ, ವಿದಾಯ ಎರಡನ್ನೂ ಮುಗಿಸುವ ಸಿಸ್ಟರ್ ಅವರ ಮಿತವ್ಯಯ ಇಲೋಇಲೋ ಪಟ್ಟಣಕ್ಕೆಲ್ಲ ಗೊತ್ತು.

ಲಂಗ ಮೊಣಕಾಲು ಮುಚ್ಚಬೇಕು. ಪಡಸಾಲೆಯಲ್ಲಿ ಓಡಬಾರದು. ತರಗತಿಯಲ್ಲಿ ಇಂಗ್ಲಿಷ್ ಮಾತಾಡಬೇಕು. ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳಬೇಕೆಂದಿರುವುದು ಈ ವರ್ಷದಿಂದ ರದ್ದಾಗಿರುವ ಒಂದು ನಿಯಮದ ಬಗ್ಗೆ.

ನಾನು ಇಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಆಗಿನ ಹಿರಿಯ ಸನ್ಯಾಸಿನಿ ಮಾದ್ರೆ ಎಸ್ಕೊಲಾಸ್ತಿಕಾ ಮೊದಲ ದಿನವೇ ನನ್ನ ಭುಜ ತಟ್ಟಿದ್ದರು. ಹುಡುಗಿಯರೆಲ್ಲ ಅವರ ಬಾಯಲ್ಲಿ ‘ಇಂದಾಯ್’ಗಳೇ. “ಏನೇ ಇಂದಾಯ್, ಬೆಂಚೇನು ನಿಮ್ಮಪ್ಪನ ಕಬ್ಬಿನ ಗದ್ದೆನಾ? ಸರಿದು ಕೂತ್ಕೋ. ನಿನ್ನ ಕಾವಲು ದೂತ ಎಲ್ಲಿ ಕೂರ್ಬೇಕು?”

ನನ್ನ ಗೆಳತಿ ಪುರಿತಾ ಕಿಸಕ್ಕನೆ ನಕ್ಕಳು. “ನನ್ನ ದೂತ ನಿಂತ್ಕೊಂಡೇ ಇರ್ಲಿ ಬಿಡೇ. ರೆಕ್ಕೆ ಇದೆಯಲ್ಲ, ಕಾಲು ನೋಯಲ್ಲ.”

ನಾನು ಸರಿದೆ. ದಿನವೂ ಸರಿದೆ. ಉಳಿದವರು ಮರೆತ ಮೇಲೂ ಸರಿದೆ. ಒಂದು ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಪಕ್ಕದಿಂದ, ಅರ್ಧ ಕ್ಷಣ ತಡವಾಗಿ, ಸಣ್ಣದೊಂದು ದನಿ ಕೇಳಿಸಿತು. ನಮ್ಮೂರಿನ ನಾಲಿಗೆಗೆ ‘ಫ’ ಒಲಿಯುವುದಿಲ್ಲ, ಪೂಜ್ಯರು ಕ್ಷಮಿಸಬೇಕು. ‘ಫಾದರ್’ ಎನ್ನಬೇಕಾದಲ್ಲಿ ನಾನು ‘ಪಾದರ್’ ಎಂದೆ. ಆ ದನಿಯೂ ‘ಪಾದರ್’ ಎಂದಿತು.

ಸಭಿಕರೇ, ಸ್ವರ್ಗದಿಂದ ಬಂದವನಿಗೆ ಪ್ರಾರ್ಥನೆಯ ಉಚ್ಚಾರ ಗೊತ್ತಿರುವುದಿಲ್ಲವೇ? ಅವನು ನನ್ನಿಂದ, ನನ್ನ ತಪ್ಪುಗಳ ಸಮೇತ, ಕಲಿಯಬೇಕೇ?

ಮಾದ್ರೆ ಅವರಿಗೆ ಹೇಳಿದೆ. ಅವರು ನಗಲಿಲ್ಲ.

“ಯಾರಿಗೂ ಹೇಳ್ಬೇಡ. ಕಲೀಲಿ ಬಿಡು. ಆದ್ರೆ ನೀನು ಮಾತ್ರ ಪೂರ್ತಿ ಕೂರ್ಬೇಡ.”

“ಕೂತ್ರೆ ಏನಾಗುತ್ತೆ, ಮಾದ್ರೆ?”

“ಜಾಗ ಇಲ್ದೇ ಹೋದ್ರೆ ಅದು ಎಲ್ಲಿ ಕೂರುತ್ತೆ ಅಂತ ನನಗೂ ಗೊತ್ತಿಲ್ಲ, ಇಂದಾಯ್.”

ನಮಗೆ ಬೇಗನೆ ಗೊತ್ತಾಯಿತು. ನಾನು ಜ್ವರದಿಂದ ಮನೆಯಲ್ಲಿದ್ದಾಗ ಪುರಿತಾ ನನ್ನ ಬೆಂಚಿನಲ್ಲಿ ಕಾಲು ಚಾಚಿ ಪೂರ್ತಿ ಕೂತಳು. ನಾನು ಮರಳಿ ಬಂದಾಗ, ಯಾರು ಏನು ಹೇಳಿದರೂ ಅವಳು ಅದನ್ನೇ ಅರ್ಧ ಕ್ಷಣ ತಡವಾಗಿ ಹೇಳುತ್ತಿದ್ದಳು. ಅವಳ ತಾಯಿ ಬಂದು “ಪುರಿತಾ, ಮನೆಗೆ ಹೋಗೋಣ ಬಾರೇ” ಎಂದು ಅತ್ತರು. “ಪುರಿತಾ, ಮನೆಗೆ ಹೋಗೋಣ ಬಾರೇ” ಎಂದಳು ಅವಳು, ತಾಯಿಯ ಅಳುವನ್ನೂ ಸೇರಿಸಿ. ಅವಳ ತಮಾಷೆಯ ಮಾತು ಆಮೇಲೆ ನಾವ್ಯಾರೂ ಕೇಳಲಿಲ್ಲ.

ನಾನು ಟೀಚರ್ ಆಗಿ ಇಲ್ಲಿಗೇ ಏಕೆ ಮರಳಿದೆ ಎಂದು ಹಲವರು ಕೇಳಿದ್ದಾರೆ. ವಿದ್ಯಾಪ್ರೇಮ ಎಂದು ಉತ್ತರಿಸುತ್ತಿದ್ದೆ. ಯಾರಾದರೂ ಸರಿದು ಕೂರಬೇಕಿತ್ತಲ್ಲವೇ? ನನ್ನ ಪಕ್ಕದಲ್ಲಿ ಕೂರುವ ಅದನ್ನು ಮನೆಗೆ ಕರೆದೊಯ್ಯಲೂ ನೋಡಿದೆ. ಗೇಟಿನ ಬಳಿ ನಿಂತುಬಿಡುತ್ತದೆ.

ಈಗ ಬೆಂಚುಗಳು ಹೋಗಿವೆ. ಒಬ್ಬರಿಗಷ್ಟೇ ಹಿಡಿಸುವ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಸಿಸ್ಟರ್ ನನಗೆ ಪ್ರೀತಿಯಿಂದಲೇ ಹೇಳಿದರು, “ಟೀಚರ್, ಅಂಚಲ್ಲಿ ಕೂತು ಕೂತು ಮಕ್ಕಳ ಬೆನ್ನು ಸೊಟ್ಟ ಆಗುತ್ತೆ. ಆ ಹಳೇ ಪದ್ಧತಿ ನಿಮ್ಮ ಜೊತೆಗೇ ರಿಟೈರ್ ಆಗ್ಲಿ.” ನಾಳೆಯಿಂದ ನಾನಿರುವುದಿಲ್ಲ. ಈ ಮಕ್ಕಳಿರುತ್ತಾರೆ.

ಆದ್ದರಿಂದ, ಮಕ್ಕಳೇ, ಕುರ್ಚಿ ಚಿಕ್ಕದಾದರೂ ಸ್ವಲ್ಪ ಸರಿದು ಕೂರಿ. ಈಗಲೇ. ಬೆನ್ನು ನೋಯುತ್ತದೆ, ನೋಯಲಿ. ತಾಯಂದಿರೇ, ಅವರನ್ನು ಹಿಡಿದೆಳೆಯಬೇಡಿ. ಹಾಂ, ಹಾಗೆ. ಹಿಂದಿನ ಸಾಲಿನ ತಂದೆಯರೂ ನಗು ನಿಲ್ಲಿಸಿ ಸರಿಯುತ್ತಿದ್ದಾರೆ, ಸಂತೋಷ.

ಸಿಸ್ಟರ್, ನೀವೊಬ್ಬರೇ ಇನ್ನೂ ಪೂರ್ತಿ ಕೂತಿದ್ದೀರಿ. ನಾನು ಎದ್ದು ಬಂದ ಮೇಲೆ ನಿಮ್ಮ ಪಕ್ಕದಲ್ಲಿದ್ದ, ನಾನು ಅರ್ಧ ಬಿಟ್ಟು ಕೂರುತ್ತಿದ್ದ ಕುರ್ಚಿಯನ್ನು ಯಾರೋ ತೆಗೆದುಬಿಟ್ಟಿದ್ದಾರೆ. ದಯವಿಟ್ಟು.

ಧನ್ಯವಾದ, ಸಿಸ್ಟರ್. ಅಷ್ಟು ಸಾಕು. ನಾಳೆಯೂ ಅಷ್ಟೇ ಸರಿದು ಕೂರಿ.

ನನ್ನ ಮಾತು ಕೇಳಿದ ನಿಮ್ಮೆಲ್ಲರಿಗೂ, ನಿಮ್ಮ ಪಕ್ಕದಲ್ಲಿ ಕೂತು ಕೇಳಿದವರಿಗೂ, ನಮಸ್ಕಾರ.