ಮೂರನೆಯ ಪದರ

ಇದು ನಡೆದದ್ದು ೧೯೫೮ನೆಯ ಇಸವಿಯ ಆಗಸ್ಟ್ ತಿಂಗಳು, ಇಪ್ಪತ್ತೊಂದನೆಯ ತಾರೀಕು, ಗುರುವಾರ ರಾತ್ರಿ.

ನನ್ನ ಚಿಕ್ಕಮ್ಮನ ಮಗಳು ಎದೆಲ್ಮಿರಾ ಉತ್ಖನನದ ಉಗ್ರಾಣಕ್ಕೆ ಬೀಗ ಹಾಕಿದಾಗ ಒಂಬತ್ತು ಗಂಟೆ. ಕೈಯಲ್ಲಿ ಸೀಮೆಎಣ್ಣೆಯ ಲಾಟೀನು. ಸಮುದ್ರದ ಕಡೆಯಿಂದ ಮಂಜು ಇಳಿದಿತ್ತು. ಊರಿಗೆ ಇದ್ದದ್ದು ಒಂದೇ ದಾರಿ… ಊರವರು ವಿಧವೆಯ ದಿಬ್ಬ ಎನ್ನುತ್ತಿದ್ದ ಗುಡ್ಡೆಯ ಬುಡದಲ್ಲಿ, ಹಿಂದಿನ ದಿನವಷ್ಟೇ ಮುಚ್ಚಿದ್ದ ಗುಂಡಿಯ ಪಕ್ಕದಲ್ಲಿ ಸಾಗಿ, ಜಾಲಿಮರದ ಕೆಳಗಿನ ಹಾಳುಬಾವಿಯನ್ನು ದಾಟಿ ಹೋಗಬೇಕು.

ಬಾವಿಯ ಹತ್ತಿರ ಅವಳು ನಿಂತಳು. ಹಿಂದಿನಿಂದ ಸದ್ದು.

ಮೊದಲು ಕರಣೆಯದು. ಗಟ್ಟಿ ಮಣ್ಣನ್ನು ಕರಣೆಯ ಅಂಚಿನಿಂದ ಹೆರೆಯುವ ಸದ್ದು… ಕರಕ್, ಕರಕ್. ಆಮೇಲೆ ಜರಡಿಯದು. ಜರ್, ಜರ್, ಜರ್… ಮೂರು ಸಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಜರಡಿಯ ಮರದ ಚೌಕಟ್ಟಿಗೆ ಎರಡು ಪೆಟ್ಟು. ಟಕ್, ಟಕ್.

ಹಾಗೆ ಜರಡಿ ಹಿಡಿಯುತ್ತಿದ್ದವರು ಆ ಕಣಿವೆಯಲ್ಲಿ ಒಬ್ಬರೇ, ದೊನ್ ಕಸಿಮಿರೊ. ಅವರನ್ನು ಮಣ್ಣು ಮಾಡಿ ಐದು ವಾರಗಳಾಗಿದ್ದವು.

"ಮೂರು…" ಎಂದಿತು ಧ್ವನಿ.

ಎದೆಲ್ಮಿರಾ ಲಾಟೀನು ಎತ್ತಿ ಹಿಡಿದಳು.

"ಮೂರು… ಬರ್ಕೊಂಡ್ಯಾ, ಮಗಳೇ?"

ಅವಳು ಓಡಿದಳು. ಲಾಟೀನಿನ ಗಾಜು ಜಾಲಿಯ ಬೇರಿಗೆ ತಗುಲಿ ಚೂರಾಯಿತು. ಆ ಚೂರುಗಳನ್ನು ಮರುದಿನ ಬೆಳಿಗ್ಗೆ ಆರಿಸಿದವಳು ನಾನು.

ಆ ಪ್ರಶ್ನೆ ಅವಳಿಗೆ ಹೊಸದಲ್ಲ. ಪೆರು ದೇಶದ ಉತ್ತರ ಕರಾವಳಿಯಲ್ಲಿ ಹಳಬರು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ದಿಬ್ಬಗಳಿಗೆ ಕೊನೆಯಿಲ್ಲ. ನನ್ನ ಅಜ್ಜನ ಕಾಲದಲ್ಲಿ ದೊಡ್ಡ ಮನುಷ್ಯರು ಐವತ್ತು ಆಳು ಹಚ್ಚಿ ಅವುಗಳ ಹೊಟ್ಟೆ ಬಗೆಯುತ್ತಿದ್ದರು. ಮಡಕೆ ಮತ್ತು ಬಂಗಾರವನ್ನು ಒಯ್ದು ಮಣ್ಣನ್ನು ಎಸೆಯುತ್ತಿದ್ದರು. ಆಮೇಲೆ ಬಂದ ವಿದ್ವಾಂಸರು ಮಣ್ಣೇ ಮುಖ್ಯ ಎಂದರು. ಪದರ ಪದರವಾಗಿ, ಮೇಲಿನಿಂದ ಕೆಳಕ್ಕೆ, ಕುಂಚ ಮತ್ತು ಕರಣೆಗಳಿಂದ ಮಣ್ಣು ತೆಗೆಯಬೇಕು. ಸಿಕ್ಕ ವಸ್ತುವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಯಾವ ಪದರದಲ್ಲಿ ಸಿಕ್ಕಿತೆಂದು ಚೀಟಿ ಬರೆಯಬೇಕು. ಚೀಟಿ ತಪ್ಪಿದರೆ ಆ ವಸ್ತು ಅನಾಥ.

ದೊನ್ ಕಸಿಮಿರೊ ಈ ಎರಡು ಕಾಲಗಳನ್ನೂ ಕಂಡವರು. ಹರೆಯದಲ್ಲಿ ಗೋರಿ ಕದ್ದಿದ್ದರು. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಇಪ್ಪತ್ತು ವರ್ಷಗಳಿಂದ ವಿದ್ವಾಂಸರಲ್ಲಿ ಅಗೆಯುವ ಕೆಲಸ ಮಾಡುತ್ತಿದ್ದರು. ಓದು ಬರದು. ಕರಣೆಯ ಹಿಡಿಯಿಂದ ನೆಲವನ್ನು ಕುಟ್ಟಿ, ಸದ್ದು ಕೇಳಿಯೇ ಪದರ ಎಲ್ಲಿ ಬದಲಾಯಿತೆಂದು ಹೇಳುತ್ತಿದ್ದರು. ವಸ್ತು ಸಿಕ್ಕಾಗ ಗುಂಡಿಯೊಳಗಿಂದ ಪದರದ ಸಂಖ್ಯೆ ಕೂಗುವರು. ಎದೆಲ್ಮಿರಾ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ ಚೀಟಿ ಬರೆಯಬೇಕು. ಅವಳು ತಿರುಗಿ ಹೇಳುವವರೆಗೆ ಅವರು ಕೈ ಮುಂದುವರಿಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಕಪ್ಪು ಮಡಕೆಯೊಂದು ಸಿಕ್ಕಿತು, ಕುಳಿತ ಹೆಂಗಸಿನ ಆಕಾರದ್ದು. ಮೂರನೆಯ ಪದರದ ಬೂದುಬಣ್ಣದ ಬೂದಿಯಲ್ಲಿತ್ತು. ಅವರು "ಮೂರು" ಎಂದರು. ಅವಳು "ಮೂರು" ಎಂದಳು. ನಾನು ಅಲ್ಲಿಯೇ ಹಲಗೆ ಹಿಡಿದು ಗುಂಡಿಯ ಗೋಡೆಯ ನಕ್ಷೆ ಬರೆಯುತ್ತಿದ್ದೆ. ಕೇಳಿಸಿಕೊಂಡೆ.

ಆ ಸಂಜೆ ಡಾಕ್ಟರ್ ಬೆನವೆಂತೆ ಉಗ್ರಾಣಕ್ಕೆ ಬಂದರು. ಉತ್ಖನನದ ಯಜಮಾನರು ಅವರು. ಅಂಥ ಮಡಕೆಗಳು ಎಲ್ಲರೂ ತಿಳಿದಿರುವುದಕ್ಕಿಂತ ಐನೂರು ವರ್ಷ ಹಳೆಯವು ಎಂದು ಬಹುಕಾಲದಿಂದ ವಾದಿಸುತ್ತಿದ್ದರು. ಆ ವಾದ ನಿಲ್ಲಬೇಕಾದರೆ ಮಡಕೆ ಇನ್ನೂ ಕೆಳಗಿನ, ಹಳೆಯದಾದ ಐದನೆಯ ಪದರದ ಹಳದಿ ಜೇಡಿಯಲ್ಲಿ ಸಿಗಬೇಕಿತ್ತು.

"ಇನ್ನೊಂದ್ಸಲ ನೋಡಿ, ಸೆನ್ಯೊರಿತಾ," ಎಂದರು. "ಮೂರೋ… ಐದೋ?"

"ಮೂರು ಅಂದ್ರು, ಡಾಕ್ಟರ್. ದೊನ್ ಕಸಿಮಿರೊ ಅಂದ್ರು."

"ಅವನಿಗೆ ಓದೋಕೆ ಬರಲ್ಲ. ನಿಮಗೆ ಬರುತ್ತೆ. ಮುಂದಿನ ವರ್ಷವೂ ಈ ಕೆಲಸ ಬೇಕು ತಾನೆ?"

ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದಳು. ಎದೆಲ್ಮಿರಾ ಹೊಸ ಚೀಟಿ ಬರೆದಳು. ಡಾಕ್ಟರು ನನ್ನ ಕಡೆ ತಿರುಗಲೇ ಇಲ್ಲ; ತಿರುಗುವ ಅಗತ್ಯವೂ ಬೀಳಲಿಲ್ಲ. ನಕ್ಷೆಯಲ್ಲಿ ನಾನು ಮಡಕೆಯ ಚುಕ್ಕೆಯನ್ನು ಐದನೆಯ ಪದರದಲ್ಲಿಟ್ಟೆ. ಕನ್ಯಾಮಠದ ಶಾಲೆಯಲ್ಲಿ ಗೆರೆ ಸೊಟ್ಟಗಾದರೆ ಗೆಣ್ಣಿಗೆ ಅಳತೆಪಟ್ಟಿಯ ಏಟು ಬೀಳುತ್ತಿತ್ತು. ಆ ನಕ್ಷೆಯಲ್ಲಿ ಒಂದು ಗೆರೆಯೂ ಸೊಟ್ಟಗಿರಲಿಲ್ಲ.

ಜೂನ್ ತಿಂಗಳಲ್ಲಿ ರಾಜಧಾನಿಯಿಂದ ಮೂವರು ವಿದ್ವಾಂಸರು ಗುಂಡಿ ನೋಡಲು ಬಂದರು. ಡಾಕ್ಟರು ಐದನೆಯ ಪದರವನ್ನು ಕೋಲಿನಿಂದ ತೋರಿಸಿದರು. ದೊನ್ ಕಸಿಮಿರೊ ಹುಲ್ಲಿನ ಟೋಪಿ ತೆಗೆದು ಮುಂದೆ ಬಂದರು.

"ತಪ್ಪಾಯ್ತು ಸ್ವಾಮಿ. ಅದು ಐದ್ರಲ್ಲಿ ಸಿಕ್ಕಿದ್ದಲ್ಲ. ಮೂರ್ರಲ್ಲಿ. ಬೂದಿ ಇನ್ನೂ ನನ್ನ ಉಗುರಲ್ಲೈತೆ. ಬೇಕಾದ್ರೆ ಈ ಹುಡುಗೀನ ಕೇಳಿ."

ಎಲ್ಲರೂ ಎದೆಲ್ಮಿರಾಳನ್ನು ನೋಡಿದರು. ಅವಳು ಚೀಟಿಯನ್ನು ನೋಡಿದಳು.

"ಐದು," ಎಂದಳು.

ಡಾಕ್ಟರು ನಕ್ಕರು. "ಚೀಟಿ ಒಂದು ಹೇಳುತ್ತೆ, ಗೋರಿಗಳ್ಳ ಇನ್ನೊಂದು ಹೇಳ್ತಾನೆ. ಯಾವುದನ್ನ ನಂಬಬೇಕೋ ನೀವೇ ನೋಡಿ."

ಅಂದೇ ದೊನ್ ಕಸಿಮಿರೊ ಅವರನ್ನು ಕೆಲಸದಿಂದ ತೆಗೆದರು. ಇಪ್ಪತ್ತು ವರ್ಷದಲ್ಲಿ ಊರು ಮರೆತಿದ್ದ ಹೆಸರು ಮರಳಿ ಬಂತು. ಚೀಚಾ ಎಂಬ ಮೆಕ್ಕೆಜೋಳದ ಹೆಂಡದ ಅಂಗಡಿಯಲ್ಲಿ ಅವರ ಪಕ್ಕದ ಬೆಂಚು ಖಾಲಿ ಉಳಿಯತೊಡಗಿತು. ಜುಲೈ ಹದಿನಾರರಂದು, ಕಾರ್ಮೆನ್ ಮಾತೆಯ ಹಬ್ಬದ ದಿನ, ಎದೆನೋವಿನಿಂದ ಸತ್ತರು.

ಗುಂಡಿ ಮುಚ್ಚುವ ಮೊದಲು ತಳದಲ್ಲೊಂದು ಸೀಸೆ ಇಡುವುದು ನಮ್ಮ ಕಸುಬಿನ ಪದ್ಧತಿ. ಒಳಗೆ ಆ ವರ್ಷದ ನಾಣ್ಯ ಮತ್ತು ಅಗೆದವರ ಹೆಸರಿನ ಕಾಗದ ಇರುತ್ತವೆ. ಇಲ್ಲಿಯವರೆಗೆ ನಾವು ಬಂದಿದ್ದೆವು ಎಂದು ಮುಂದೆ ಅಗೆಯುವವರಿಗೆ ತಿಳಿಯಲೆಂದು. ಆಗಸ್ಟ್ ಇಪ್ಪತ್ತರಂದು ಡಾಕ್ಟರು ನಾಲ್ಕು ಹೆಸರು ಹೇಳಿದರು. ಎದೆಲ್ಮಿರಾ ಬರೆದಳು. ಐದನೆಯದಕ್ಕಾಗಿ ಪೆನ್ನು ಹಿಡಿದು ಕಾದಳು.

"ಅಷ್ಟೆ," ಎಂದರು ಡಾಕ್ಟರು.

ಬಿರಡೆಯ ಮೇಲೆ ಮೇಣ ಸುರಿದವಳು ನಾನು. ಮೇಣ ಆರುವ ಮೊದಲು, ಶಾಲೆಯಲ್ಲಿ ಕೊಟ್ಟಿದ್ದ ನನ್ನ ಪದಕವನ್ನು ಅದರ ಮೇಲೆ ಒತ್ತಿದೆ. ಮಧ್ಯಾಹ್ನದೊಳಗೆ ಗುಂಡಿ ಮುಚ್ಚಿತು. ಮರುದಿನ ಡಾಕ್ಟರು ಪೆಟ್ಟಿಗೆಗಳೊಂದಿಗೆ ರಾಜಧಾನಿಗೆ ಹೊರಟರು. ಅಂದಿನ ರಾತ್ರಿಯೇ ಎದೆಲ್ಮಿರಾ ಬಾವಿಯ ಹತ್ತಿರ ನಿಂತದ್ದು.

ಶುಕ್ರವಾರವೂ ಅವಳಿಗೆ ಕೇಳಿಸಿತು. ಶನಿವಾರ ನಾನು ಜೊತೆಗೆ ಹೋದೆ. ಅವಳ ತಲೆಯಿಂದ ಈ ಹುಚ್ಚನ್ನು ಬಿಡಿಸಬೇಕೆಂದು ಹೋದೆ… ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮಂಜು. ಗಾಳಿಯಿಲ್ಲ. ಜಾಲಿಯ ಎಲೆ ಅಲುಗಲಿಲ್ಲ.

"ಬಂತು," ಎಂದು ಅವಳು ಪಿಸುಗುಟ್ಟಿದಳು.

"ನಾಯಿ ಕೆರೀತಿರಬೇಕು."

"ನಾಯಿ ಜರಡಿ ಹಿಡಿಯುತ್ತಾ, ಅಕ್ಕಾ?"

ಜರ್, ಜರ್, ಜರ್… ಟಕ್, ಟಕ್.

"ಮೂರು," ಎಂದಿತು ಧ್ವನಿ. ಕೋಪವಿರಲಿಲ್ಲ. ಕೆಲಸದ ನಡುವೆ ಕೂಗುವ ಧ್ವನಿ ಅದು. ಉತ್ತರ ಬಂದ ಮೇಲೆ ಮುಂದಿನ ಕೆಲಸ. "ಮೂರು… ಬರ್ಕೊಂಡ್ಯಾ?"

ಎದೆಲ್ಮಿರಾ ಬಾಯಿ ತೆರೆದಳು. ತಿರುಗಿ ಹೇಳಲೆಂದೇ ತೆರೆದಳು.

ನಾನು ಅವಳ ಬಾಯಿಯನ್ನು ಕೈಯಿಂದ ಮುಚ್ಚಿದೆ.

ಹೆದರಿಕೆಯಿಂದ ಅಲ್ಲ. ಅವಳು "ಮೂರು" ಎಂದುಬಿಟ್ಟರೆ ನನ್ನ ನಕ್ಷೆ ಸುಳ್ಳಾಗುತ್ತಿತ್ತು. ಅವಳ ಹಲ್ಲು ನನ್ನ ಅಂಗೈಗೆ ಒತ್ತಿದ್ದು ನೆನಪಿದೆ. ನಾವು ನಿಂತೇ ಇದ್ದೆವು. ಅದೂ ಕಾಯಿತು… ಬಹಳ ಹೊತ್ತು ಕಾಯಿತು. ಆಮೇಲೆ ಮತ್ತೆ ಮೊದಲಿನಿಂದ ಕರಣೆ. ಕರಕ್, ಕರಕ್.

ಭಾನುವಾರ ಪೂಜೆ ಮುಗಿದೊಡನೆ ಎದೆಲ್ಮಿರಾ ನನ್ನನ್ನು ಕೇಳದೆ ದೊನ್ಯಾ ತೊಮಾಸಾಳ ಮನೆಗೆ ಹೋದಳು. ದೊನ್ ಕಸಿಮಿರೊ ಅವರ ಹೆಂಡತಿ. ನಾನು ಹಿಂದೆಯೇ ಹೋದೆ. ಮುದುಕಿ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದಳು. ಎದೆಲ್ಮಿರಾ ಎಲ್ಲವನ್ನೂ ನಿಂತೇ ಹೇಳಿದಳು. ಚೀಟಿ, ಮಡಕೆ, ಸೀಸೆ, ಜರಡಿ… ಎಲ್ಲವನ್ನೂ.

ದೊನ್ಯಾ ತೊಮಾಸಾ ಕೈ ನಿಲ್ಲಿಸಲಿಲ್ಲ.

"ನಲವತ್ತು ವರ್ಷ ಸಂಸಾರ ಮಾಡ್ದೆ. ಸತ್ತ ಮೇಲೆ ನನ್ನ ಕನಸಿಗಾದ್ರೂ ಬಂದ್ರಾ? ಇಲ್ಲ. ಜರಡಿ ಹಿಡ್ಕೊಂಡು ನಿಮ್ಮ ಗುಂಡಿಗೇ ಹೋದ್ರು."

"ತಪ್ಪಾಯ್ತು, ದೊನ್ಯಾ ತೊಮಾಸಾ. ಕಾಲಿಗೆ ಬೀಳ್ತೀನಿ."

"ನನ್ನ ಕಾಲಿಗೆ ಬಿದ್ದು ಏನ್ಮಾಡ್ತೀಯ? ಅವ್ರಿಗೆ ಕೊಡ್ಬೇಕಾದ್ದು ಕೊಡು. ಹೆಸರು ಬಿಟ್ಟಿದ್ದೀಯ, ಬರಿ." ಆಮೇಲೆ ನನ್ನನ್ನು ನೋಡಿದಳು. "ಈ ದೊಡ್ಡೋಳು ಏನು, ಬರೀ ನೋಡೋಕೆ ಬಂದಿದಾಳಾ?"



ಅನುಮತಿಯಿಲ್ಲದೆ ಮುಚ್ಚಿದ ಗುಂಡಿಯನ್ನು ತೆರೆಯುವುದು ನಮ್ಮ ಕಸುಬಿನಲ್ಲಿ ಅಪರಾಧ. ಅದನ್ನು ನಾವು ಅಂದೇ ಹಾಡಹಗಲಿನಲ್ಲಿ ಮಾಡಿದೆವು. ಮುದುಕಿ ನೆಲಕ್ಕೆ ಮೊದಲು ಚೀಚಾ ಎರೆದಳು. ಪ್ರತಿ ಗುಂಡಿಗೂ ಅವಳ ಗಂಡ ಹಾಗೆಯೇ ಎರೆಯುತ್ತಿದ್ದರು. ಅವಳ ಅಣ್ಣನ ಮಕ್ಕಳಿಬ್ಬರು ಅಗೆದರು. ತುಂಬಿದ ಮಣ್ಣು ಸಡಿಲವಾಗಿತ್ತು. ಹಿಂದಿನ ಬುಧವಾರ ಹಾಕಿದ್ದಂತೆಯೇ ಇತ್ತು. ಬೇರೆ ಯಾರೂ ಮುಟ್ಟಿದ ಗುರುತಿರಲಿಲ್ಲ. ನಾನು ಅದನ್ನೇ ಹುಡುಕಿದೆ, ಏಕೆಂದರೆ ಹುಡುಕಲು ನನಗೆ ಕಲಿಸಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಆಳೆತ್ತರ ಇಳಿದು ತಳ ಮುಟ್ಟಿದರು.

ಸೀಸೆ ಇಟ್ಟಲ್ಲಿಯೇ ಇತ್ತು. ಮೇಣ ಒಡೆದಿರಲಿಲ್ಲ. ಅದರ ಮೇಲೆ ನನ್ನ ಪದಕದ ಅಚ್ಚು ಇತ್ತು. ನಾನೇ ಚಾಕುವಿನಿಂದ ಬಿಡಿಸಿದೆ.

ನಾಣ್ಯ ಬಿತ್ತು. ಕಾಗದ ಬಂತು. ಎದೆಲ್ಮಿರಾಳ ಅಕ್ಷರದಲ್ಲಿ ನಾಲ್ಕು ಹೆಸರು. ಅವುಗಳ ಕೆಳಗೆ ಬೂದಿಯಲ್ಲಿ ಒತ್ತಿದ ಹೆಬ್ಬೆಟ್ಟು. ಬೂದುಬಣ್ಣದ ನುಣ್ಣನೆಯ ಬೂದಿ. ಅದು ಆ ಗುಂಡಿಯಲ್ಲಿ ಮೂರನೆಯ ಪದರ ಬಿಟ್ಟು ಬೇರೆಲ್ಲೂ ಇರಲಿಲ್ಲ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿಯ ಗೆರೆ.

ದೊನ್ಯಾ ತೊಮಾಸಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು.

"ಎಡಗೈದು," ಎಂದಳು. "ನಮ್ಮ ಮದುವೆ ವರ್ಷ ಗುದ್ದಲಿ ಬಿದ್ದು ಕೊಯ್ದಿತ್ತು. ನಾನೇ ಬಟ್ಟೆ ಕಟ್ಟಿದ್ದೆ." ಆಮೇಲೆ, ಬಹಳ ಮೆಲ್ಲಗೆ, "ಬರಿ, ಹುಡುಗಿ. ಕಾಯ್ತಿದಾರೆ."

ಎದೆಲ್ಮಿರಾ ಗುಂಡಿಯ ತಳದಲ್ಲಿ ನಿಂತು "ಮೂರು" ಎಂದಳು. ಗಟ್ಟಿಯಾಗಿ ಹೇಳಿದಳು. ಹೆಬ್ಬೆಟ್ಟಿನ ಪಕ್ಕದಲ್ಲಿ ಹೆಸರು ಬರೆದಳು.

ನಾನು ಬಾಯಿ ಬಿಡಲಿಲ್ಲ.

ಸೀಸೆಯನ್ನು ಅಲ್ಲಿಯೇ ಇಟ್ಟು ಮುಚ್ಚಿದೆವು. ಎದೆಲ್ಮಿರಾ ಡಾಕ್ಟರಿಗೆ ಮೂರು ಪತ್ರ ಬರೆದಳು. ಉತ್ತರ ಬರಲಿಲ್ಲ, ಮುಂದಿನ ವರ್ಷ ಕೆಲಸವೂ ಬರಲಿಲ್ಲ. ಡಾಕ್ಟರ ಪುಸ್ತಕ ಅಚ್ಚಾಯಿತು. ಅದರಲ್ಲಿ ನನ್ನ ನಕ್ಷೆಯಿದೆ, ಕೆಳಗೆ ನನ್ನ ಹೆಸರಿದೆ, ಚುಕ್ಕೆ ಐದರಲ್ಲಿದೆ. ತಿದ್ದಿಸಲು ನನಗೆ ಬೇಕಾದಷ್ಟು ವರ್ಷಗಳಿದ್ದವು.

ಎದೆಲ್ಮಿರಾಗೆ ಆ ಸದ್ದು ಮತ್ತೆ ಕೇಳಿಸಲಿಲ್ಲ. ನಾನು ಹೇಳುತ್ತಿರುವುದು ಅವಳ ವಿಷಯ ಮಾತ್ರ, ನನ್ನದಲ್ಲ.

ಇದು ನಡೆದದ್ದು. ನಂಬದವರು ಹೋಗಿ ಅಗೆಯಬಹುದು; ದಿಬ್ಬದ ದಕ್ಷಿಣದ ಬುಡದಲ್ಲಿ, ಬಾವಿಯಿಂದ ನಲವತ್ತು ಹೆಜ್ಜೆ. ಸೀಸೆ ತೆರೆದಾಗ ಅಲ್ಲಿ ಹಾಜರಿದ್ದವರು: ತೊಮಾಸಾ ನ್ಯೀಕೆ. ಅವಳ ಅಣ್ಣನ ಮಕ್ಕಳಾದ ಸೆವೆರೀನೊ ನ್ಯೀಕೆ ಮತ್ತು ಇಸೀದ್ರೊ ನ್ಯೀಕೆ. ಎದೆಲ್ಮಿರಾ ಗನೋಸಾ. ನಾನು, ಒತಿಲಿಯಾ ಉರ್ಕಿಯಾಗಾ. ಕಸಿಮಿರೊ ಪಿಮಿಂಚುಮೊ.