ಕೀಲಿ ತೆಗೆದ ವಾರ್ಡು

ಹುಮನಾಬಾದಿನ ಕುಡಿತ ಬಿಡಿಸುವ ದವಾಖಾನೆಗೆ ಹೊಸದಾಗಿ ಬಂದ ವಾಚ್‌ಮನ್ನನ ಹೆಂಡತಿ ಸುಮನಬಾಯಿ. 2006ರ ಬೇಸಿಗೆಯ ಆ ಮಧ್ಯಾಹ್ನ ಗಂಡನ ಬುತ್ತಿ ಪಕ್ಕದಲ್ಲಿಟ್ಟುಕೊಂಡು ವರಾಂಡದಲ್ಲಿ ಕೂತಿದ್ದಳು. ಬೆಂಗಳೂರಲ್ಲಿ ಟ್ರೇನಿಂಗ್ ಮುಗಿಸಿ ಬಂದ ಡಾಕ್ಟರ್ ಶೀತಲ್ ಮತ್ತು ನರ್ಸ್ ವಿದ್ಯಾವತಿ ಹತ್ತಿರವೇ ನಿಂತು ಮಾತಾಡುತ್ತಿದ್ದರು. ಸುಮನಬಾಯಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ವಾರ್ಡಿನ ಕೀಲಿ ಯಾಕ ತೆಗಿಸಿದ್ರಿ, ಮೇಡಂ?”

“ಕೀಲಿ ಸಪ್ಪಳಕ್ಕ ಪೇಶಂಟ್ ಓಂಪ್ರಕಾಶ ಗಡಗಡ ನಡಗ್ತಿದ್ದ. ಇಂಥವರಿಗಿ ಬೈಬ್ಯಾಡ್ರಿ, ಏನಾಗ್ಯದಂತ ಕೇಳ್ರಿ ಅಂತ ಟ್ರೇನಿಂಗನ್ಯಾಗ ಕಲಿಸ್ಯಾರ. ಕೇಳಿದೆ.”

“ಏನಂದನ್ರಿ?”

“ಸಣ್ಣಾಂವ ಇದ್ದಾಗ ಇಟ್ಟಂಗಿ ಭಟ್ಟ್ಯಾಗ ದುಡೀತಿದ್ದನಂತ. ಅತ್ತರ ಆಳು ನೋಡಕೊಳ್ಳೋ ಮುಕಾದಮ ಶೆರೆ ಕುಡಿಸಿ, ಖೋಲ್ಯಾಗ ದೂಡಿ ಕೀಲಿ ಹಾಕ್ತಿದ್ದನಂತ.”

“ಯಾವ ಮುಕಾದಮ?”

“ತಾನಾಗೇ ಹೇಳೋತನಾ ಹೆಸರು ಕೇಳಬಾರದು. ಆದ್ರ ನೋಡ್ರಿ, ನಿನ್ನಿಯಿಂದ ಅವನ ನಡುಕ ನಿಂತದ.”

“ನಿನ್ನಿ ಅಂವ ಹೊಸ ವಾಚ್‌ಮನ್ನನ ಹೆಸರು ಕೇಳಿದನ್ರಿ. ನಾ ಹೇಳಿದೆ. ಆವಾಗಿಂದ ನಿಂತದ. ಆ ವಾಚ್‌ಮನ್ನೂ ಮೊದಲ ಭಟ್ಟಿ ಮ್ಯಾಲೇ ಇದ್ದನಂತ್ರಿ.”

“ಭಟ್ಟಿ ಊರಿಗೊಂದ ಅವ, ಸಿಸ್ಟರ್. ನಡೀರಿ, ರೌಂಡ್ಸಿಗಿ ಹೊತ್ತಾತು.”

ಇಬ್ಬರೂ ಹೋದರು. ಭಟ್ಟಿಯ ಆ ಖೋಲಿಯ ಕೀಲಿಕೈ ಎಷ್ಟೋ ವರ್ಷ ಸುಮನಬಾಯಿಯ ಮನೆಯ ಗೂಟದಲ್ಲೇ ನೇತಾಡಿತ್ತು. ಬುತ್ತಿಯನ್ನು ಅಲ್ಲೇ ಬಿಟ್ಟು ಅವಳು ಎದ್ದು ನಿಂತಳು.

ವಾರ್ಡಿನ ಬಾಗಿಲು ಸಪ್ಪಳವಿಲ್ಲದೆ ತೆರೆಯಿತು. ಸಣಕಲು ಮನುಷ್ಯನೊಬ್ಬ ಬಂದು ಬುತ್ತಿಯನ್ನು ಎತ್ತಿ ಅವಳ ಕೈಗಿಟ್ಟ. ಅವನ ಕೈ ಒಂದಿಷ್ಟೂ ನಡುಗಲಿಲ್ಲ.

“ಅವ್ವಾ, ಬುತ್ತಿ ಯಾರಿಗಿ ತಂದೀರಿ?”